ತಂಬೂರಿ ಕೇಳಿಸಲ್ಲ ಅನ್ನೋರಿಗೆ

"ಅಜ್ಜಾ, ತಂಬೂರಿ ಕೆಳಗಿಡು, ಅದು ಹೆಂಗೂ ಕೇಳ್ಸಲ್ಲ. ಕೀಬೋರ್ಡ್‌ನೋರು ಶ್ರುತಿ ಕೊಡ್ತಾರೆ."

ಹೊಸದುರ್ಗ, ಹೊಳಲ್ಕೆರೆ ಕಡೆ ಜಾತ್ರೆಗೋ ಗಣಪತಿ ಪೆಂಡಾಲಿಗೋ ಹೋಗಿ ನೋಡಿ, ತತ್ವಪದದವರು ವೇದಿಕೆ ಹತ್ತಿದ ಕೂಡಲೇ ಇಂಥ ಮಾತು ಬರುತ್ತೆ. ಹೇಳೋರು ಕೆಟ್ಟವರೇನಲ್ಲ. ಕಾರ್ಯಕ್ರಮ ಚೆನ್ನಾಗಾಗಲಿ ಅಂತಲೇ ಹೇಳ್ತಾರೆ. ಅಜ್ಜನೂ ಸುಮ್ಮನೆ ತಂಬೂರಿ ಗೋಡೆಗೆ ಒರಗಿಸಿ, ಎರಡೂ ಕೈ ಖಾಲಿ ಬಿಟ್ಟುಕೊಂಡು, ಏನು ಮಾಡಬೇಕೋ ತಿಳಿಯದೆ ಹಾಡ್ತಾನೆ. ನನಗೆ ಉರಿಯೋದು ಇದಕ್ಕೆ.

ತಂಬೂರಿಗೆ ದನಿ ಇಲ್ಲ ಅನ್ನೋದು ಶುದ್ಧ ಸುಳ್ಳು ಸ್ವಾಮಿ. ಅದಕ್ಕೆ ಹಾಕಿರೋ ತಂತಿ ಸರಿ ಇಲ್ಲ, ಅದನ್ನು ಚುಚ್ಚಿರೋ ಆಂಪ್ಲಿಫೈಯರ್ ಸರಿ ಇಲ್ಲ. ತಮಾಷೆ ಏನಂದ್ರೆ ಎರಡನ್ನೂ ಆರಿಸಿದವರು ತಂಬೂರಿ ನುಡಿಸೋರೇ ಅಲ್ಲ.

ತಂಬೂರಿಯ ದನಿ ಬಗ್ಗೆ ಅನುಮಾನ ಇದ್ದವರು ಸಿ.ವಿ. ರಾಮನ್ ಅವರನ್ನಾದರೂ ನಂಬಿ. ನಮ್ಮ ತಂತಿವಾದ್ಯಗಳ ಮೇಲೆ ಅವರ ಒಂದು ಪುಟ್ಟ ಪ್ರಬಂಧ 1921ರಲ್ಲಿ ಬಂತು. ಸಾಮಾನ್ಯ ತಂತಿಯನ್ನು ಸರಿಯಾಗಿ ನಡುಮಧ್ಯೆ ಮೀಟಿದರೆ ಕೆಲವು ಮೇಲುಸ್ವರಗಳು ಹುಟ್ಟಲೇಬಾರದು, ಅದು ಭೌತಶಾಸ್ತ್ರದ ನಿಯಮ. ವೀಣೆ, ತಂಬೂರಿಗಳಲ್ಲಿ ಅವು ಹುಟ್ಟುತ್ತವೆ, ಅದೂ ಜೋರಾಗಿ! ಕಾರಣ ಕುದುರೆ. ಅದರ ಮೈ ಚೂಪಾಗಿಲ್ಲ, ಅಗಲವಾಗಿ ಬಾಗಿದೆ. ತಂತಿ ಅದರ ಮೇಲೆ ಉಜ್ಜುತ್ತಾ ನಡುಗುತ್ತೆ. ಕುದುರೆ ಮೇಲೆ ತಂತಿಯ ಅಡಿಗೆ ಒಂದು ಎಳೆ ಹತ್ತಿ ದಾರ ಸಿಕ್ಕಿಸಿ ಹಿಂದೆ ಮುಂದೆ ಸರಿಸಿದರೆ ಒಂದು ಜಾಗದಲ್ಲಿ ಇಡೀ ಬುರುಡೆ 'ಜುಂಯ್' ಅಂತ ಜೀವ ತುಂಬಿಕೊಳ್ಳುತ್ತಲ್ಲ, ಅದೇ ಇದು. ಗಂಡಸರ ಬಿಳಿ ಒಂದರ ಶ್ರುತಿಯಲ್ಲಿ ಮಂದ್ರ ಷಡ್ಜ ಸುಮಾರು 65 ಹರ್ಟ್ಸ್. ಆದರೆ ನಮ್ಮ ಕಿವಿ ತುಂಬೋದು ಅದರ ಮೇಲಿನ ಗುಂಪು.

ಈಗ ತಂತಿ ವಿಷಯಕ್ಕೆ ಬನ್ನಿ. ನಮ್ಮ ಕಡೆ ತಂತಿ ಹರಿದರೆ ಏನು ಹಾಕ್ತಾರೆ? ಕೈಗೆ ಸಿಕ್ಕಿದ್ದು. ಬೈಕಿನ ಕ್ಲಚ್ ವೈರ್ ಬಿಚ್ಚಿ ಒಂದೆಳೆ ಹಾಕಿದ್ದನ್ನು ಕಣ್ಣಾರೆ ನೋಡಿದ್ದೀನಿ. ಮಂದ್ರಕ್ಕೆ ಹಿತ್ತಾಳೆಯ ದಪ್ಪ ತಂತಿ ಬೇಕಾದ ಕಡೆ ಗಿಟಾರ್‌ನ ಸುತ್ತುತಂತಿ ಹಾಕ್ತಾರೆ. ಸುತ್ತುತಂತಿಯ ಮೈ ಗರಗಸದ ಹಾಗೆ. ಕುದುರೆ ಮೇಲೆ ನುಣ್ಣಗೆ ಉಜ್ಜೋದಿಲ್ಲ, ದಾರ ನಿಲ್ಲೋದಿಲ್ಲ, ಜುಂಕಾರ ಸತ್ತೇ ಹೋಗುತ್ತೆ. ಆಮೇಲೆ 'ದನಿ ಇಲ್ಲ' ಅಂತ ಬೈಗುಳ ತಂಬೂರಿಗೆ! ಮಿರಜ್‌ನ ತಂಬೂರಿಗೆ 2024ರಲ್ಲಿ ಜಿಐ ಮಾನ್ಯತೆ ಸಿಕ್ಕಿತು, ಸಂತೋಷ. ಅಲ್ಲಿಂದ ಒಂದು ಜೊತೆ ಸರಿಯಾದ ಉಕ್ಕಿನ, ಹಿತ್ತಾಳೆಯ ತಂತಿ ತರಿಸೋ ಖರ್ಚು ಪೆಂಡಾಲಿನ ಹೂವಿನ ಹಾರಕ್ಕಿಂತ ಕಡಿಮೆ.

ಕೀಬೋರ್ಡಿನವರ ಹತ್ತಿರ ನನ್ನ ಜಗಳ ಬೇರೆ. "ಅಜ್ಜಾ, ಸ್ವಲ್ಪ ಏರಿಸ್ಕಾ, ಬಿಳಿ ಎರಡಕ್ಕೆ ಬಾ" ಅಂತಾರೆ. ಲೆಕ್ಕ ಹಾಕಿ. ಅದೇ ತಂತಿಯನ್ನು ಬಿಳಿ ಒಂದರಿಂದ ಎರಡಕ್ಕೆ ಏರಿಸಿದರೆ ಬಿಗಿತ ಸುಮಾರು ನೂರಕ್ಕೆ 26ರಷ್ಟು ಹೆಚ್ಚುತ್ತೆ. ಬಿರಡೆ ಜಾರುತ್ತೆ, ಹಳೇ ತಂತಿ ಪಟ್ ಅನ್ನುತ್ತೆ, ಸೋರೆಬುರುಡೆ ಹಳತಾಗಿದ್ದರೆ ಬೆಸುಗೆಯೇ ಬಿಡಬಹುದು. ತಗ್ಗಿಸಿದರೆ ತಂತಿ ಜೋಲು ಬಿದ್ದು ಕಟಕಟ ಅನ್ನುತ್ತೆ. ಆ ಶ್ರುತಿಗೆ ಆ ದಪ್ಪದ ತಂತಿ, ಇದು ಮೊದಲೇ ಆಗಿರಬೇಕಾದ ಆಯ್ಕೆ. ಅಜ್ಜನ ಗಂಟಲಿಗೂ ಎಪ್ಪತ್ತು ವರ್ಷದಿಂದ ಒಂದು ಶ್ರುತಿ ಇದೆ. ಅಲ್ಲಾ, ನಿಮ್ಮ ಕೀಬೋರ್ಡಿನಲ್ಲಿ ಟ್ರಾನ್ಸ್‌ಪೋಸ್ ಅಂತ ಒಂದು ಗುಂಡಿ ಇದೆಯಲ್ಲ ಮಾರಾಯ್ರೇ, ಅದನ್ನು ಒತ್ತೋಕೆ ಏನು ಕಷ್ಟ? ಗಂಟಲಿಗೆ ಅಂಥ ಗುಂಡಿ ಇಲ್ಲ :-)

ಇನ್ನು ಆಂಪ್ಲಿಫೈಯರ್. ಉತ್ಸಾಹಿ ಹುಡುಗರು ಹತ್ತಿಪ್ಪತ್ತು ರೂಪಾಯಿಯ ಪೀಜೋ ಬಿಲ್ಲೆ ತಂದು ಬುರುಡೆಗೆ ಅಂಟಿಸಿ, ವೈರನ್ನು ನೇರ ಮಿಕ್ಸರ್‌ಗೆ ಚುಚ್ಚಿ, 'ನೋಡಿ, ತಗಡು ಬಡಿದ ಹಾಗಿದೆ' ಅಂತಾರೆ. ಆಗಲೇಬೇಕು! ಆ ಬಿಲ್ಲೆ ಅಂದ್ರೆ ಒಂದು ಪುಟ್ಟ ಕೆಪಾಸಿಟರ್, ಸುಮಾರು 20 ನ್ಯಾನೋಫ್ಯಾರಡ್. ಮಿಕ್ಸರ್‌ನ ಮೈಕ್ ಇನ್‌ಪುಟ್ ಸುಮಾರು 2 ಕಿಲೋಓಮ್. ಇವೆರಡೂ ಸೇರಿದರೆ ಸುಮಾರು 4000 ಹರ್ಟ್ಸ್ ಕೆಳಗಿನದ್ದೆಲ್ಲ ಸೋರಿಹೋಗುತ್ತೆ. ಲೈನ್ ಇನ್‌ಪುಟ್‌ಗೆ, ಅಂದ್ರೆ 10 ಕಿಲೋಓಮ್‌ಗೆ ಚುಚ್ಚಿದರೆ 800 ಹರ್ಟ್ಸ್ ಕೆಳಗೆ. ಅದೇ 1 ಮೆಗಾಓಮ್ ಇನ್‌ಪುಟ್ ಕೊಡಿ, ಸೋರಿಕೆ 8 ಹರ್ಟ್ಸ್ ಕೆಳಗೆ ಮಾತ್ರ, ಅಂದ್ರೆ ನಿಮಗೆ ಬೇಕಾದ್ದೇನೂ ಹೋಗಲ್ಲ. ಟಿಎಲ್072 ಅನ್ನೋ ಐಸಿ ಒಂದು, 9 ವೋಲ್ಟಿನ ಬ್ಯಾಟರಿ ಒಂದು, ನಾಲ್ಕಾರು ಬಿಡಿಭಾಗ ಇದ್ದರೆ ಪ್ರಿಆಂಪ್ ಆಯ್ತು. ರೇಡಿಯೋ ರಿಪೇರಿ ಗೊತ್ತಿದ್ದವರು ಅರ್ಧ ದಿನದಲ್ಲಿ ಕಟ್ಟಿಕೊಡ್ತಾರೆ. ಇದನ್ನು ಮಾಡದೆ ಬೇಸ್ ನಾಬನ್ನು ಕೊನೇವರೆಗೆ ತಿರುಗಿಸ್ತಾರೆ. ಇಲ್ಲದ್ದನ್ನು ಹೆಚ್ಚಿಸಿದರೆ ಬರೋದು ಬುರುಡೆಯ ಗುಂಯ್‌ಗಾಟ ಮಾತ್ರ. ತಕ್ಷಣ ಫೀಡ್‌ಬ್ಯಾಕ್, ಸಭೆಯೆಲ್ಲ ಕಿವಿ ಮುಚ್ಚಿಕೊಳ್ಳುತ್ತೆ, ಅಜ್ಜನ ಮುಖ ಚಿಕ್ಕದಾಗುತ್ತೆ.

(ಆರ್ಕೆಸ್ಟ್ರಾದಲ್ಲಿ ಅಕೌಸ್ಟಿಕ್ ಬೇಸ್ ಗಿಟಾರ್ ಹಿಡಿದವರಿಗೂ ಇದೇ ತಲೆನೋವು. ಅವರ ದಪ್ಪ ತಂತಿ 41 ಹರ್ಟ್ಸ್‌ಗೆ ಇಳಿಯುತ್ತೆ, ಅಷ್ಟು ಚಿಕ್ಕ ಮೈಯಿಂದ ಅದು ಹೊರಗೆ ಬರೋದೇ ಕಷ್ಟ. ಅವರಿಗೆ 10-12 ಇಂಚಿನ ಸ್ಪೀಕರ್, ನುಣುಪಾದ ನೈಲಾನ್ ಸುತ್ತಿನ ತಂತಿ ಒಳ್ಳೇದು. ತಂಬೂರಿಗೆ 8 ಇಂಚು ಧಾರಾಳ.)

ವ್ಯಾಟ್ ಹುಚ್ಚು ಇನ್ನೊಂದು. ಹತ್ತು ಪಟ್ಟು ವ್ಯಾಟ್ ಹಾಕಿದರೆ ಕಿವಿಗೆ ಕೇಳೋದು ಸುಮಾರು ಎರಡು ಪಟ್ಟು ಅಷ್ಟೇ. ದೇವಸ್ಥಾನದ ಅಂಗಳದಲ್ಲಿ ನೂರು ಜನಕ್ಕೆ 30 ವ್ಯಾಟಿನ, ವಾದ್ಯದ ಇನ್‌ಪುಟ್ ಇರುವ ಪುಟ್ಟ ಆಂಪ್ ಹಾಡುಗಾರನ ಪಕ್ಕದಲ್ಲೇ ಇದ್ದರೆ ಸಾಕು. ಅವನಿಗೂ ತನ್ನ ಶ್ರುತಿ ಕೇಳುತ್ತೆ, ಮುಖ್ಯವಾದದ್ದೇ ಅದು. ಕಂಬಕ್ಕೆ ಕಟ್ಟೋ ಹಾರ್ನ್ ಮಾತಿಗಾಗಿ ಮಾಡಿದ್ದು, ಮಂದ್ರ ಅದರಿಂದ ಬರೋಲ್ಲ. ಆದರೂ ಜುಂಕಾರ ಬರುತ್ತೆ, ತಂತಿ ಸರಿ ಇದ್ದರೆ. ಪೀಜೋ ಬೇಡ, ಮೈಕೇ ಇರಲಿ ಅನ್ನೋರು ಕುದುರೆಗೆ ಒಂದು ಗೇಣಿನೊಳಗೆ ಇಡಿ, ಸ್ಪಂಜಿನ ಟೋಪಿ ಹಾಕಿ. ನಮ್ಮ ದುರ್ಗದ ಗಾಳಿ ಗೊತ್ತಲ್ಲ, ಜೋಗಿಮಟ್ಟಿ ಗುಡ್ಡದ ಮೇಲೆ ಗಾಳಿಯಂತ್ರ ಸುಮ್ಮನೆ ನಿಲ್ಲಿಸಿಲ್ಲ. ಆಷಾಢದಲ್ಲಿ ಬಯಲಲ್ಲಿ ಹಾಡಿಸಿದರೆ ಮೈಕಿಗೆ ಗಾಳಿಯದ್ದೇ ಕಛೇರಿ.

'ಇಷ್ಟೆಲ್ಲ ರಗಳೆ ಯಾಕೆ, ಎಲೆಕ್ಟ್ರಾನಿಕ್ ಶ್ರುತಿಪೆಟ್ಟಿಗೆ ಇಟ್ಟರಾಯ್ತು' ಅನ್ನೋರಿದ್ದಾರೆ. ಮನೆಯಲ್ಲಿ ಅಭ್ಯಾಸಕ್ಕೆ ಅದು ಒಳ್ಳೇದೇ, ನನ್ನ ಹತ್ತಿರವೂ ಇದೆ. ಆದರೆ ತತ್ವಪದದವರ ತಂಬೂರಿ ಬರೀ ಶ್ರುತಿ ಅಲ್ಲ. ಬೆರಳಿನ ಮೀಟಿನಲ್ಲಿ ಲಯ ಇದೆ; ಪದದ ಅರ್ಥ ಭಾರವಾದ ಕಡೆ ಅವರು ಮೀಟು ನಿಧಾನ ಮಾಡ್ತಾರೆ, ಒಮ್ಮೊಮ್ಮೆ ನಿಲ್ಲಿಸಿಯೇ ಬಿಡ್ತಾರೆ. ಶರೀಫರ ಪದ ಹಾಡುವಾಗ ಆ ನಿಲುಗಡೆ ಇಲ್ಲದಿದ್ದರೆ ಪದ ಓಡಿಹೋಗುತ್ತೆ. ಪೆಟ್ಟಿಗೆಗೆ ಅದು ಹೇಗೆ ಗೊತ್ತಾಗಬೇಕು?

ಹಣ ಇಲ್ಲ ಅಂತ ಮಾತ್ರ ಹೇಳಬೇಡಿ. ಗಣಪತಿ ಬಿಡೋ ದಿನ 18 ಇಂಚಿನ ಬಾಕ್ಸ್‌ಗಳನ್ನು ಲಾರಿ ತುಂಬ ಏರಿಸ್ತೀರಿ, ಬೀದಿಯ ಕಿಟಕಿ ಗಾಜು ಅದುರುತ್ತೆ. 2000ದ ಶಬ್ದಮಾಲಿನ್ಯ ನಿಯಮದಲ್ಲಿ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್ ಅಂತಿದೆ. ಅದರ ಕಥೆ ಬಿಡಿ. ರಾತ್ರಿ ಹತ್ತರ ಮೇಲೆ ಪೊಲೀಸರು ಬಂದು ಮೈಕ್ ಆಫ್ ಮಾಡಿಸಿದ ಮೇಲೆ, ಜನ ಹತ್ತಿರ ಸರಿದು ಕೂತಾಗ, ಅದೇ ತಂಬೂರಿ ಹಿಂದಿನ ಸಾಲಿನವರೆಗೂ ಕೇಳಿದ್ದನ್ನು ನಾನು ಒಂದಲ್ಲ ನಾಲ್ಕು ಸಲ ನೋಡಿದ್ದೀನಿ. ಸಾಣೇಹಳ್ಳಿಯ ಬಯಲು ರಂಗಮಂದಿರದ ಹಾಗೆ ಮೆಟ್ಟಿಲು ಏರಿಸಿ ಜನರನ್ನು ಕೂರಿಸೋದು ಎಲ್ಲ ಊರಲ್ಲೂ ಆಗಲ್ಲ, ನಿಜ. ಕುರ್ಚಿಗಳನ್ನು ವೇದಿಕೆಗೆ ಹತ್ತಿರ ಹಾಕೋದು ಆಗುತ್ತಲ್ಲ?

ಹಿರಿಯೂರಿನ ತೇರುಮಲ್ಲೇಶ್ವರನ ಜಾತ್ರೆ ಇರಲಿ, ನಿಮ್ಮೂರಿನ ಸಣ್ಣ ಪರಿಷೆ ಇರಲಿ, ತತ್ವಪದದವರನ್ನು ಕರೆಯೋ ಮುಂಚೆ ಫೋನ್ ಮಾಡಿ "ನಿಮ್ಮ ಶ್ರುತಿ ಎಷ್ಟು, ತಂತಿ ಹೊಸದು ಬೇಕಾ" ಅಂತ ಕೇಳಿ. ಕೀಬೋರ್ಡಿನವರಿಗೆ ಆ ಶ್ರುತಿ ತಿಳಿಸಿ. ಮೈಕ್ ಸೆಟ್ಟಿನವರನ್ನು ಒಂದು ಗಂಟೆ ಮೊದಲೇ ಕರೆಸಿ, ತಂಬೂರಿಯಿಂದಲೇ ಶುರು ಮಾಡಿಸಿ, ಮಿಕ್ಕ ವಾದ್ಯ ಆಮೇಲೆ. ಪ್ರಿಆಂಪ್‌ನ ನಕ್ಷೆ ಬೇಕಾದವರು ಕೇಳಿ, ಬರೆದು ಕೊಡ್ತೀನಿ.