ವೈಪರ್‌ಗೆ ಗುಂಡಿ ಬೇಕು



ವಿದ್ಯುತ್ ಕಾರುಗಳಲ್ಲಿ ಸ್ಟಾರ್ಟ್ ಬಟನ್ ಇಲ್ಲದಿದ್ದರೂ ನನ್ನ ತಕರಾರಿಲ್ಲ. ಹೊತ್ತಿಸಲು ಅಲ್ಲಿ ಎಂಜಿನ್ನೇ ಇಲ್ಲವಲ್ಲ. ಬ್ರೇಕ್ ತುಳಿದು ಗೇರ್ ಆರಿಸಿದರೆ ಟೆಸ್ಲಾ ಮಾಡೆಲ್ 3 ಹೊರಟೇಬಿಡುತ್ತದೆ. ಆದರೆ ಅದೇ ನೆಪದಲ್ಲಿ ವೈಪರ್, ಎಸಿ, ಗಾಜಿನ ಮಂಜು ತೆಗೆಯುವ ಸ್ವಿಚ್‌ಗಳನ್ನೂ ಸ್ಪರ್ಶ ಪರದೆಯೊಳಗೆ ತುರುಕುವುದು ಅಪಾಯ. ಶಿರಾಡಿ ಘಾಟಿಯ ಆಷಾಢದ ಮಳೆಯಲ್ಲಿ, ಎದುರಿನಿಂದ ಲಾರಿ ಬರುತ್ತಿರುವಾಗ ಕಣ್ಣು ಕ್ಷಣವೂ ರಸ್ತೆ ಬಿಡಬಾರದು. ಗುಂಡಿಯಾದರೆ ಬೆರಳೇ ಹುಡುಕಿಕೊಳ್ಳುತ್ತದೆ. ನುಣುಪು ಗಾಜಿನ ಮೇಲೆ ಅದಕ್ಕೆ ಗುರುತೇ ಸಿಗುವುದಿಲ್ಲ.

2022ರಲ್ಲಿ ಸ್ವೀಡನ್ನಿನ ‘ವಿ ಬಿಲೆಗರೆ’ ಪತ್ರಿಕೆ ಗಂಟೆಗೆ 110 ಕಿ.ಮೀ. ವೇಗದಲ್ಲಿ ಗುಂಡಿ ಮತ್ತು ಪರದೆಗಳನ್ನು ಹೋಲಿಸುವ ಪರೀಕ್ಷೆ ನಡೆಸಿತು. ನಾಲ್ಕು ಸಣ್ಣ ಕೆಲಸಗಳಿಗೆ, ಗುಂಡಿಗಳಿದ್ದ 2005ರ ವೋಲ್ವೊ ವಿ70ರಲ್ಲಿ 10 ಸೆಕೆಂಡ್ ಸಾಕಾಯಿತು. ಪರದೆಯನ್ನೇ ನೆಚ್ಚಿದ ಎಂಜಿ ಮಾರ್ವೆಲ್ ಆರ್ ಎಂಬ ವಿದ್ಯುತ್ ಕಾರಿನಲ್ಲಿ 44.9 ಸೆಕೆಂಡ್ ಹಿಡಿಯಿತು. ಅಷ್ಟರಲ್ಲಿ ಕಾರು 1.3 ಕಿ.ಮೀ.ಗೂ ಹೆಚ್ಚು ದೂರ ಓಡಿರುತ್ತದೆ!

ಕಾರುಗಳ ಸುರಕ್ಷತೆಗೆ ಅಂಕ ಕೊಡುವ ಯುರೋ ಎನ್‌ಕ್ಯಾಪ್ 2026ರಿಂದ ಇಂಡಿಕೇಟರ್, ಹಾರ್ನ್, ವೈಪರ್, ಅಪಾಯಸೂಚಕ ದೀಪ, ತುರ್ತು ಕರೆಗಳ ಗುಂಡಿಗಳನ್ನು ಅಂಕದ ಲೆಕ್ಕಕ್ಕೆ ತಂದಿದೆ. 2023ರಲ್ಲಿ ಶುರುವಾದ ನಮ್ಮ ಭಾರತ್ ಎನ್‌ಕ್ಯಾಪ್ ಕೂಡ ಇದನ್ನು ಅಳವಡಿಸಿಕೊಳ್ಳಲಿ. ಮಂಜು ತೆಗೆಯುವ ಸ್ವಿಚ್ಚನ್ನೂ ಆ ಪಟ್ಟಿಗೆ ಸೇರಿಸಲಿ. ಮಲೆನಾಡಿನವರಿಗೆ ಅದು ವೈಪರ್‌ನಷ್ಟೇ ಅಗತ್ಯ.

– ಓದುಗ, ಸಕಲೇಶಪುರ