ಮೂರಿದ್ದದ್ದು ಎರಡಾಯಿತು: ತಲೆ ಎಣಿಕೆಯಲ್ಲಿ ಸೋಲುವ ಊರುಗಳು

1952ರಲ್ಲಿ ಕೊಡಗಿಗೆ ಅದರದ್ದೇ ಆದ ವಿಧಾನಸಭೆಯಿತ್ತು. 24 ಮಂದಿ ಸದಸ್ಯರು, ಸಿ.ಎಂ. ಪೂಣಚ್ಚ ಮುಖ್ಯಮಂತ್ರಿ. 1951ರ ಜನಗಣತಿಯಂತೆ ಕೊಡಗಿನ ಜನಸಂಖ್ಯೆ ಸುಮಾರು 2 ಲಕ್ಷ 29 ಸಾವಿರ. 1956ರ ನವೆಂಬರ್ 1ರಂದು ಕೊಡಗು ಮೈಸೂರು ರಾಜ್ಯದಲ್ಲಿ ವಿಲೀನಗೊಂಡಿತು. ಪ್ರತ್ಯೇಕ ರಾಜ್ಯವೊಂದರ 24 ಸ್ಥಾನಗಳನ್ನು ಒಂದು ಜಿಲ್ಲೆಯ ಸ್ಥಾನಗಳೊಂದಿಗೆ ಹೋಲಿಸುವುದು ನ್ಯಾಯವಲ್ಲ, ನಿಜ. ಆದರೆ ಆ ಬಳಿಕದ ಕತೆಯನ್ನು ಗಮನಿಸಬೇಕು. ಮಡಿಕೇರಿ, ವಿರಾಜಪೇಟೆ, ಸೋಮವಾರಪೇಟೆ ಎಂದು ಮೂರು ಕ್ಷೇತ್ರಗಳಿದ್ದ ಜಿಲ್ಲೆಗೆ 2008ರಲ್ಲಿ ಉಳಿದದ್ದು ಎರಡು. ಸೋಮವಾರಪೇಟೆ ಎಂಬ ಕ್ಷೇತ್ರವೇ ಇಲ್ಲವಾಯಿತು.

ಕೊಡಗು ಮಾಡಿದ ತಪ್ಪಾದರೂ ಏನು? ಅಲ್ಲಿನ ಜನಸಂಖ್ಯೆ ಕಡಿಮೆಯಾಗಿರಲಿಲ್ಲ. 2001ರಲ್ಲಿ ಅದು 5 ಲಕ್ಷ 48 ಸಾವಿರ ದಾಟಿತ್ತು. ಆದರೆ ಇತರರು ಅದಕ್ಕಿಂತ ವೇಗವಾಗಿ ಬೆಳೆದರು. ತಪ್ಪು ಅಷ್ಟೇ.

ಲೆಕ್ಕ ಸರಳವಾಗಿದೆ. 2001ರ ಜನಗಣತಿಯಂತೆ ಕರ್ನಾಟಕದ ಜನಸಂಖ್ಯೆ 5 ಕೋಟಿ 28 ಲಕ್ಷ. ಅದನ್ನು 224 ಸ್ಥಾನಗಳಿಗೆ ಹಂಚಿದರೆ ಒಬ್ಬ ಶಾಸಕನ ಪಾಲಿಗೆ ಸುಮಾರು 2 ಲಕ್ಷ 36 ಸಾವಿರ ಜನ. ಈ ಅಳತೆಗೋಲಿನಲ್ಲಿ ಕೊಡಗಿಗೆ ಸಿಗುವುದು ಎರಡು ಕಾಲು ಸ್ಥಾನ, ಆದ್ದರಿಂದ ಎರಡು. ದಕ್ಷಿಣ ಕನ್ನಡಕ್ಕೆ ಎಂಟು. ಆದ್ದರಿಂದ ಒಂಬತ್ತರಲ್ಲಿ ಒಂದು ಹೋಯಿತು. ಹಾಗೆ ಹೋದದ್ದು ವಿಟ್ಲ. ಉಡುಪಿ ಜಿಲ್ಲೆಯ ಆರರಲ್ಲಿ ಬ್ರಹ್ಮಾವರ ಹೋಗಿ ಐದು ಉಳಿಯಿತು. ಚಿಕ್ಕಮಗಳೂರು ಬೀರೂರನ್ನು ಕಳಕೊಂಡಿತು. ಅದೇ ವೇಳೆ ಬೆಂಗಳೂರು ನಗರ ಜಿಲ್ಲೆಯ ಸ್ಥಾನಗಳು 28ಕ್ಕೇರಿದವು. ಸುಮಾರು 4,100 ಚದರ ಕಿಲೋಮೀಟರ್ ವಿಸ್ತಾರದ ಕೊಡಗಿಗೆ ಇಬ್ಬರು ಶಾಸಕರಾದರೆ, ಅದರ ಅರ್ಧದಷ್ಟಿರುವ ಬೆಂಗಳೂರು ನಗರ ಜಿಲ್ಲೆಗೆ 28 ಮಂದಿ!

ಇದು ಮುಗಿದ ಕತೆಯಲ್ಲ. 2011ರ ಜನಗಣತಿಯನ್ನು ಇದೇ ಅಳತೆಗೋಲಿಗೆ ಒಡ್ಡಿ ನೋಡೋಣ. ಒಂದು ಸ್ಥಾನಕ್ಕೆ ಬೇಕಾದ ಜನರ ಸಂಖ್ಯೆ ಸುಮಾರು 2 ಲಕ್ಷ 73 ಸಾವಿರಕ್ಕೇರುತ್ತದೆ. ಆಗ ಉಡುಪಿಗೂ ಚಿಕ್ಕಮಗಳೂರಿಗೂ ತಲಾ ನಾಲ್ಕೇ ಸ್ಥಾನ, ಬೆಂಗಳೂರಿಗೆ 35. 2001ರಿಂದ 2011ರ ನಡುವೆ ರಾಜ್ಯದ ಜನಸಂಖ್ಯೆ ಶೇ. 15ಕ್ಕಿಂತ ಹೆಚ್ಚು ಬೆಳೆದರೆ, ಕೊಡಗಿನದ್ದು ಬೆಳೆದದ್ದು ಶೇ. ಒಂದರಷ್ಟು. ಚಿಕ್ಕಮಗಳೂರಿನದ್ದು ತುಸು ಇಳಿದೇ ಹೋಯಿತು. 2027ರ ಮಾರ್ಚ್ 1ನ್ನು ಆಧಾರ ದಿನವಾಗಿಟ್ಟು ಜನಗಣತಿ ನಡೆಸುವ ಅಧಿಸೂಚನೆಯನ್ನು ಕೇಂದ್ರ ಸರಕಾರ 2025ರ ಜೂನ್‌ನಲ್ಲಿ ಹೊರಡಿಸಿತು. ಮುಂದಿನ ಕ್ಷೇತ್ರ ಮರುವಿಂಗಡಣೆಯಲ್ಲಿ ಯಾವ ಊರಿನ ಹೆಸರು ವಿಟ್ಲದ ಹಾದಿ ಹಿಡಿಯಲಿದೆ ಎಂಬುದನ್ನು ಆ ಎಣಿಕೆಯೇ ನಿರ್ಧರಿಸಬಹುದು.

ದುರಂತವೇನೆಂದರೆ, ಈ ದೇಶದಲ್ಲಿ ಜನಸಂಖ್ಯೆಯ ಬಗ್ಗೆ ಎಷ್ಟೊಂದು ಗದ್ದಲ ನಡೆಯುತ್ತದೋ ಈ ಪ್ರಶ್ನೆಯ ಬಗ್ಗೆ ಅಷ್ಟೇ ಮೌನವಿದೆ. ಜನಸಂಖ್ಯೆ ಎಂದೊಡನೆ ವೇದಿಕೆಗಳಲ್ಲಿ ಕೇಳಿಬರುವುದು ಮುಸ್ಲಿಮರು ಎಷ್ಟು ಮಕ್ಕಳನ್ನು ಹೆರುತ್ತಾರೆ ಎಂಬ ಒಂದೇ ರಾಗ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 1992-93ರಲ್ಲಿ ಮುಸ್ಲಿಮ್ ಮಹಿಳೆಯೊಬ್ಬಳಿಗೆ ಸರಾಸರಿ 4.4 ಮಕ್ಕಳಿದ್ದರೆ, 2019-21ರಲ್ಲಿ ಆ ಪ್ರಮಾಣ 2.4ಕ್ಕೆ ಇಳಿದಿದೆ. ಹಿಂದೂ ಮಹಿಳೆಯರಲ್ಲಿ ಅದು 3.3ರಿಂದ 1.9ಕ್ಕೆ ಇಳಿದಿದೆ. ಅಂತರ ಕಿರಿದಾಗುತ್ತಲೇ ಇದೆ. ಬೆಂಗಳೂರು ಬೆಳೆದದ್ದು ಯಾವುದೋ ಒಂದು ಸಮುದಾಯದ ತೊಟ್ಟಿಲುಗಳಿಂದಲ್ಲ. ಉದ್ಯೋಗ ಅರಸಿ ಬಸ್ಸು, ರೈಲು ಹತ್ತಿ ಬಂದವರಿಂದ. ಸೋಮವಾರಪೇಟೆಯ ಕೊಡವನಿಗೂ ಗೌಡನಿಗೂ ಬ್ಯಾರಿಗೂ ಮಾಪಿಳ್ಳೆಗೂ ಹೋದದ್ದು ಒಂದೇ ಸ್ಥಾನ. ನೆರೆಯವನ ಮಕ್ಕಳನ್ನು ಎಣಿಸುತ್ತಾ ಕೂತವನು ತನ್ನ ಶಾಸಕ ಸ್ಥಾನ ಕೈ ಜಾರಿದ್ದನ್ನು ಗಮನಿಸಲೇ ಇಲ್ಲ.

ಜನಸಂಖ್ಯೆಯ ಭಯವನ್ನು ಜನಪ್ರತಿನಿಧಿಗಳ ಮೇಲೆ ಹೇರುವ ಯತ್ನವೂ ನಡೆಯದೆ ಉಳಿದಿಲ್ಲ. ಲಕ್ಷದ್ವೀಪವನ್ನು ನೋಡಿ. ಅದು ನಮಗೆ ಪರಕೀಯವಲ್ಲ. ಅಲ್ಲಿನ ಅಮಿನಿದಿವಿ ದ್ವೀಪಗಳು 1956ರ ವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. 2011ರಲ್ಲಿ ಅಲ್ಲಿದ್ದ ಜನ ಸುಮಾರು 64 ಸಾವಿರ. ಬಹುತೇಕ ಎಲ್ಲರೂ ಮುಸ್ಲಿಮರು. ವಿಧಾನಸಭೆಯಿಲ್ಲ. ಒಬ್ಬ ಸಂಸದ ಮತ್ತು ಪಂಚಾಯತ್‌ಗಳು, ಅಷ್ಟೇ. 2021ರಲ್ಲಿ ಅಲ್ಲಿನ ಆಡಳಿತ ಪ್ರಕಟಿಸಿದ ಕರಡು ಪಂಚಾಯತ್ ನಿಯಮಾವಳಿಯು, ಎರಡಕ್ಕಿಂತ ಹೆಚ್ಚು ಮಕ್ಕಳಿರುವವರು ಪಂಚಾಯತ್ ಸದಸ್ಯರಾಗುವಂತಿಲ್ಲ ಎಂದು ಪ್ರಸ್ತಾಪಿಸಿತು. ಆಗ ಆ ದ್ವೀಪಗಳ ಫಲವಂತಿಕೆ ಪ್ರಮಾಣ ಎಷ್ಟಿತ್ತು ಗೊತ್ತೇ? ಬರೇ 1.4! ದೇಶದ ಸರಾಸರಿ 2.0. ಇಲ್ಲದ ರೋಗಕ್ಕೆ ಮದ್ದು ಅರೆಯುವುದೆಂದರೆ ಇದುವೇ.

ಆದರೆ ಅದೇ ಲಕ್ಷದ್ವೀಪ ನಮಗೆ ಇನ್ನೊಂದು ಪಾಠವನ್ನೂ ಹೇಳುತ್ತದೆ. 2024ರ ಲೋಕಸಭಾ ಚುನಾವಣೆಯಲ್ಲಿ ಅಲ್ಲಿದ್ದ ಮತದಾರರು 60 ಸಾವಿರಕ್ಕಿಂತ ಕಡಿಮೆ. ಬೆಂಗಳೂರು ಉತ್ತರ ಕ್ಷೇತ್ರದಲ್ಲಿ 30 ಲಕ್ಷಕ್ಕೂ ಹೆಚ್ಚು. ಇಬ್ಬರಿಗೂ ಸಂಸತ್ತಿನಲ್ಲಿ ಒಂದೊಂದೇ ಕುರ್ಚಿ. ತಲೆ ಎಣಿಕೆಯೇ ಎಲ್ಲವೂ ಆಗಿದ್ದರೆ ಲಕ್ಷದ್ವೀಪಕ್ಕೆ ಸಂಸದನೇ ಇರುತ್ತಿರಲಿಲ್ಲ. 60 ಲಕ್ಷ ಮೀರದ ಜನಸಂಖ್ಯೆಯ ರಾಜ್ಯಗಳಿಗೆ ಲೋಕಸಭಾ ಸ್ಥಾನಗಳ ಅನುಪಾತದ ನಿಯಮ ಅನ್ವಯಿಸದು ಎಂದು 1973ರ ಸಂವಿಧಾನ ತಿದ್ದುಪಡಿ ಹೇಳಿದೆ. ನಮ್ಮ ರಾಜ್ಯದ 1993ರ ಪಂಚಾಯತ್ ರಾಜ್ ಕಾಯಿದೆ ಗುಡ್ಡಗಾಡು ಜಿಲ್ಲೆಗಳಲ್ಲಿ ಕಡಿಮೆ ಜನರಿಗೂ ಗ್ರಾಮ ಪಂಚಾಯತ್ ರಚಿಸಲು ಅನುಮತಿಸಿದೆ. ಅಂದರೆ ಚಿಕ್ಕವರಿಗೂ ದನಿ ಇರಬೇಕು ಎಂಬ ತತ್ವವನ್ನು ಕಾನೂನು ಆಗಲೇ ಒಪ್ಪಿಕೊಂಡಿದೆ. ವಿಧಾನಸಭೆಯ ಸ್ಥಾನಗಳನ್ನು ಜಿಲ್ಲೆಗಳಿಗೆ ಹಂಚುವಾಗ ಮಾತ್ರ ಅದು ಮರೆತುಹೋಗುತ್ತದೆ.

ಎಲ್ಲರ ಮತಕ್ಕೂ ಸಮಾನ ಬೆಲೆ ಇರಬೇಡವೇ ಎಂದು ಕೇಳುವವರಿದ್ದಾರೆ. ಖಂಡಿತ ಇರಬೇಕು. ಬೆಂಗಳೂರಿನ ಕೊಳೆಗೇರಿಯಲ್ಲಿ ಬದುಕುವ ವಲಸೆ ಕಾರ್ಮಿಕನ ಮತ ಕಾಫಿ ತೋಟದ ಧಣಿಯ ಮತಕ್ಕಿಂತ ಅಗ್ಗವಾಗಬಾರದು. ನಗರದ ಪಾಲನ್ನು ಕಿತ್ತು ಕೊಡಿರೆಂದು ನಾವು ಹೇಳುತ್ತಿಲ್ಲ. ಆದರೆ ಮಳೆಗಾಲದಲ್ಲಿ ಗುಡ್ಡ ಕುಸಿದಾಗ, ರಸ್ತೆ ಕೊಚ್ಚಿ ಹೋದಾಗ ಶಾಸಕನೊಬ್ಬ ತಲುಪಬೇಕಾದದ್ದು ಜನರನ್ನು ಮಾತ್ರವಲ್ಲ, ದೂರವನ್ನೂ ಹೌದು. 2018ರ ಭೂಕುಸಿತದಲ್ಲಿ ಕೊಡಗು ಇದನ್ನು ಅನುಭವಿಸಿದೆ. ಈಗಿರುವುದಕ್ಕಿಂತ ಯಾವ ಜಿಲ್ಲೆಯ ಸ್ಥಾನವೂ ಕಡಿಮೆಯಾಗಬಾರದು. ನಗರಕ್ಕೆ ಹೆಚ್ಚು ಬೇಕಿದ್ದರೆ ಒಟ್ಟು ಸಂಖ್ಯೆಯನ್ನೇ ಹೆಚ್ಚಿಸಲಿ ಎಂಬುದು ನಮ್ಮ ಅಭಿಪ್ರಾಯ. ಜೊತೆಗೆ ಜಿಲ್ಲಾ ಪಂಚಾಯತ್‌ಗಳಿಗೆ ಸಕಾಲದಲ್ಲಿ ಚುನಾವಣೆ ನಡೆಯಲಿ. 2021ರಲ್ಲಿ ಅವುಗಳ ಅವಧಿ ಮುಗಿದ ಬಳಿಕ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಶಾಸಕ ಸ್ಥಾನ ಕಳಕೊಂಡ ಊರಿಗೆ ಪಂಚಾಯತ್ ಸದಸ್ಯನೂ ಇಲ್ಲವೆಂದಾದರೆ ಅದು ದೂರು ಹೇಳುವುದು ಯಾರಲ್ಲಿ?

ಇನ್ನು ನಮ್ಮ ಸಮುದಾಯದ ಮಾತು. ಚುನಾವಣೆ ಹತ್ತಿರವಾದಾಗ ಯಾವ ಪಕ್ಷ ಮುಸ್ಲಿಮರಿಗೆ ಎಷ್ಟು ಟಿಕೆಟ್ ಕೊಟ್ಟಿತು ಎಂದು ನಾವು ಲೆಕ್ಕ ಹಾಕುತ್ತೇವೆ. ಆದರೆ ಕ್ಷೇತ್ರದ ಗಡಿ ಎಳೆಯುವಾಗ ನಾವೆಲ್ಲಿರುತ್ತೇವೆ? 2002ರ ಮರುವಿಂಗಡಣಾ ಕಾಯಿದೆಯಂತೆ ಆಯೋಗವು ತನ್ನ ಪ್ರಸ್ತಾಪವನ್ನು ಪ್ರಕಟಿಸಿ, ಆಕ್ಷೇಪಗಳನ್ನು ಸ್ವೀಕರಿಸಿ, ಸಾರ್ವಜನಿಕ ಸಭೆ ನಡೆಸಬೇಕಿತ್ತು. ಅಂತಿಮ ಆದೇಶ ಹೊರಟ ಮೇಲೆ ಅದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸುವಂತಿಲ್ಲ ಎಂದೂ ಅದರಲ್ಲಿತ್ತು. ಆಯೋಗದೊಂದಿಗೆ ಸಹ ಸದಸ್ಯರಾಗಿ ಕೂತ ಸಂಸದರಿಗೂ ಶಾಸಕರಿಗೂ ಮತದ ಹಕ್ಕಿರಲಿಲ್ಲ. ಹೀಗಿರುವಾಗ ಮಾತಾಡಬೇಕಾದ ಸಮಯ ಆಕ್ಷೇಪದ ಸಮಯವೇ. ಮತ್ತೊಮ್ಮೆ ಅಂಥ ಸಮಯ ಬಂದಾಗ ನಕಾಶೆ ಓದಬಲ್ಲ, ಅರ್ಜಿ ಬರೆಯಬಲ್ಲ ನಾಲ್ಕು ಯುವಕರಾದರೂ ಪ್ರತಿ ಜಮಾಅತ್‌ನಲ್ಲಿ ಸಿದ್ಧರಿರಲಿ. ಅವರು ನೆರೆಯ ದೇವಸ್ಥಾನ, ಇಗರ್ಜಿಗಳ ಸಮಿತಿಯವರನ್ನೂ ಜೊತೆಗೆ ಕರೆದೊಯ್ಯಲಿ. ಯಾಕೆಂದರೆ ಇದು ಧರ್ಮದ ಪ್ರಶ್ನೆಯಲ್ಲ, ಊರಿನ ಪ್ರಶ್ನೆ.

ಕರಾವಳಿಗೆ ಇನ್ನೂ ಒಂದು ಸಮಸ್ಯೆಯಿದೆ. ಗಲ್ಫ್‌ನಲ್ಲಿ ದುಡಿಯುವ ಮಗನ ಹಣದಿಂದ ಮನೆ ನಡೆಯುತ್ತದೆ, ಮಸೀದಿ ಏಳುತ್ತದೆ; ಆದರೆ ಅಲ್ಲೇ ನೆಲೆಸಿರುವ ಆತ ಇಲ್ಲಿನ ಜನಗಣತಿಯಲ್ಲಿಲ್ಲ. 2010ರ ತಿದ್ದುಪಡಿ ಅನಿವಾಸಿ ಭಾರತೀಯರಿಗೆ ಮತದಾನದ ಹಕ್ಕು ಕೊಟ್ಟಿತಾದರೂ ಊರಿನ ಮತಗಟ್ಟೆಗೆ ಸ್ವತಃ ಬರಬೇಕು. ಹೋದವರು ಎಣಿಕೆಗೆ ಸಿಗುವುದಿಲ್ಲ. ಇರುವವರಾದರೂ ತಪ್ಪದೆ ಎಣಿಕೆಗೆ ಸಿಗಬೇಡವೇ? ಗಣತಿದಾರರು ಬಂದಾಗ ಮನೆಯಲ್ಲಿ ಗಂಡಸರಿಲ್ಲ ಎಂದು ಬಾಗಿಲು ಮುಚ್ಚುವ, ವೃದ್ಧರ ಹೆಸರನ್ನೋ ಹಸುಗೂಸಿನ ಹೆಸರನ್ನೋ ಬಿಟ್ಟುಬಿಡುವ ಉದಾಸೀನವನ್ನು ನಾವು ತೊರೆಯಬೇಕಾಗಿದೆ. ಮನೆಯ ಮಹಿಳೆಯರಿಗೆ ಈ ವಿವರಗಳನ್ನು ಮೊದಲೇ ತಿಳಿಸಿಡಬೇಕು.

ಎಣಿಕೆ ಇಸ್ಲಾಮಿಗೆ ಹೊಸತಲ್ಲ. ಮದೀನಾದಲ್ಲಿ ಇಸ್ಲಾಮ್ ಸ್ವೀಕರಿಸಿದವರ ಹೆಸರುಗಳನ್ನು ಬರೆದು ತರುವಂತೆ ಪ್ರವಾದಿ(ಸ)ರು ಆದೇಶಿಸಿದ್ದನ್ನು ಬುಖಾರಿಯಲ್ಲಿ ಕಾಣುತ್ತೇವೆ. ಖಲೀಫಾ ಉಮರ್(ರ)ರು ದೀವಾನ್ ಎಂಬ ದಾಖಲೆ ಪುಸ್ತಕವನ್ನು ಆರಂಭಿಸಿ, ಬೊಕ್ಕಸದ ಪಾಲನ್ನು ಹೆಸರು ಹೆಸರಿಗೂ ಹಂಚಿದರು. ಹುಟ್ಟಿದ ಮಗುವಿಗೂ ಪಾಲು ನಿಗದಿಪಡಿಸಿದರು. ಅಲ್ಲಿ ಎಣಿಕೆಯ ಉದ್ದೇಶ ಯಾರೂ ಬಿಟ್ಟುಹೋಗಬಾರದು ಎಂಬುದಾಗಿತ್ತೇ ಹೊರತು, ಯಾರು ಹೆಚ್ಚು ಎಂದು ಬೀಗುವುದಲ್ಲ. ಸಂಖ್ಯಾಬಲದ ಹೆಮ್ಮೆ ಹುನೈನ್‌ನ ದಿನ ಯಾವ ಪ್ರಯೋಜನಕ್ಕೂ ಬರಲಿಲ್ಲ ಎಂಬುದನ್ನು ಕುರ್‌ಆನ್ ನಮಗೆ ನೆನಪಿಸಿದೆ.

ಹೆಚ್ಚಿರುವವರು ಬೀಗದಿರಲಿ, ಕಡಿಮೆಯಿರುವವರು ಕುಗ್ಗದಿರಲಿ. ಆದರೆ ಯಾರ ಹೆಸರೂ ಪಟ್ಟಿಯಿಂದ ಬಿಟ್ಟುಹೋಗದಿರಲಿ. ಸೋಮವಾರಪೇಟೆ ಕ್ಷೇತ್ರ ಮರಳಿ ಬರಲಿಕ್ಕಿಲ್ಲ. ಮುಂದಿನ ಸರದಿ ನಮ್ಮ ಊರಿನದ್ದಾಗದಂತೆ ನೋಡಿಕೊಳ್ಳಲು ನಮಗೆ ಇನ್ನೂ ಸಮಯವಿದೆ.