ಸ್ವರ್ಣಕಮಲ ನಮ್ಮದು, ನಟರು?

‘ವಿತ್‌ನೇಲ್ ಆ್ಯಂಡ್ ಐ’ (1987) ಎಂಬ ಬ್ರಿಟಿಷ್ ಚಿತ್ರದಲ್ಲಿ ಲಂಡನ್ನಿನ ಇಬ್ಬರು ನಟರಿಗೆ ಕೆಲಸವೇ ಇಲ್ಲ. ಕೊನೆಗೆ ಒಬ್ಬನಿಗೆ ಪಾತ್ರ ಸಿಗುತ್ತದೆ. ಇನ್ನೊಬ್ಬ ಮಳೆಯಲ್ಲಿ ನಿಂತು ಹ್ಯಾಮ್ಲೆಟ್‌ನ ಮಾತು ಹೇಳುತ್ತಾನೆ. ಕೇಳಲು ಇರುವುದು ಬೇಲಿಯಾಚೆಯ ತೋಳಗಳು ಮಾತ್ರ. ಪ್ರತಿಭೆ ಇದ್ದೂ ಪ್ರೇಕ್ಷಕರಿಲ್ಲದ ನಟನ ಪಾಡು ಅದು.

ಅದನ್ನು ನೋಡುವಾಗ ನನಗೆ ನಮ್ಮ ‘ಬ್ಯಾರಿ’ ಚಿತ್ರ ನೆನಪಾಯಿತು. ನಮ್ಮ ಭಾಷೆಯ ಮೊದಲ ಸಿನಿಮಾ ಅದು. 2011ನೇ ಸಾಲಿನ ರಾಷ್ಟ್ರಪ್ರಶಸ್ತಿಯಲ್ಲಿ ಮರಾಠಿಯ ‘ದೇವೂಳ್’ ಜೊತೆ ಸ್ವರ್ಣಕಮಲ ಹಂಚಿಕೊಂಡಿತು. ನಿರ್ದೇಶಕ ಸುವೀರನ್ ಕೇರಳದವರು. ನಟನೆಗೆ ವಿಶೇಷ ಮೆಚ್ಚುಗೆ ಪಡೆದ ಮಲ್ಲಿಕಾ ಕೂಡ ಕೇರಳದವರೇ. ನಾವೆಲ್ಲ ಹೆಮ್ಮೆಪಟ್ಟೆವು, ಸರಿ. ಆದರೆ ಆ ಪಾತ್ರ ಮಾಡುತ್ತೇನೆಂದು ನಮ್ಮ ಮನೆಯ ಹುಡುಗಿ ಕೇಳಿದ್ದರೆ ಬಿಡುತ್ತಿದ್ದೆವೇ?

ದೀನಿನ ಮಿತಿ ಮೀರುವ ಪಾತ್ರ ಬೇಡ ಎನ್ನುವವರ ಮಾತು ನನಗೆ ಅರ್ಥವಾಗುತ್ತದೆ. ಆದರೆ ಮಿತಿಯೊಳಗಿನ ನಾಟಕಕ್ಕಾದರೂ ನಾವು ಟಿಕೆಟ್ ಕೊಳ್ಳುತ್ತೇವೆಯೇ? ಪಾಸ್ ಕೇಳುತ್ತೇವೆ. ಮದುವೆಗೆ ಲಕ್ಷಗಟ್ಟಲೆ ಸುರಿಯುವ ನಾವೇ ನಟನಾಗಬೇಕೆಂಬ ಹುಡುಗನಿಗೆ ‘ಹೊಟ್ಟೆಗೇನು ಮಾಡ್ತೀಯ’ ಎನ್ನುತ್ತೇವೆ. ಆ ಪ್ರಶ್ನೆಗೆ ಉತ್ತರ ಕೊಡಬೇಕಾದವನು ಅವನೊಬ್ಬನೇ ಅಲ್ಲ. ಊರಲ್ಲಿ ಬ್ಯಾರಿ ನಾಟಕ ಇದ್ದರೆ ಉಮ್ಮ, ಮಕ್ಕಳ ಸಮೇತ ಟಿಕೆಟ್ ಕೊಂಡು ಹೋಗಿ ಕೂರಿ.